ಹೃದಯದ ಮಾತ್ರೆಯೊಳಗಿನ ಅಯೋಡಿನ್ ಬಗ್ಗೆ ಕೇಳಬೇಕಾದವರು ಯಾರು?

ಹೃದ್ರೋಗ, ಥೈರಾಯ್ಡ್ ಮತ್ತು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳನ್ನು ನಡೆಸುತ್ತಿರುವ ಎಲ್ಲ ಡಾಕ್ಟರುಗಳಿಗೆ,

ನಮಸ್ಕಾರ.

ಥೈರಾಯ್ಡ್ ಕಾಯಿಲೆಗೆ ವಿಕಿರಣ ಸೂಸುವ ಅಯೋಡಿನ್ ಕೊಡುವ ರೇಡಿಯೋ ಅಯೋಡಿನ್ ಚಿಕಿತ್ಸೆಗೆ ಬರುವವರ ಕೈಗೆ ಒಂದು ಫಾರಂ ಕೊಡುತ್ತೀರಿ. ಗರ್ಭಿಣಿಯಾ, ಮಗುವಿಗೆ ಹಾಲು ಕೊಡುತ್ತಿದ್ದೀರಾ, ಅಯೋಡಿನ್ ಅಲರ್ಜಿ ಇದೆಯಾ, ಸದ್ಯ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಅದರಲ್ಲಿ ಕೇಳಿರುತ್ತದೆ. ಇನ್ನೊಂದು ಪ್ರಶ್ನೆ ಸೇರಿಸಿ ಅಂತ ಕೇಳಲು ಈ ಪತ್ರ: ಕಳೆದ ಒಂದು ವರ್ಷದಲ್ಲಿ ಯಾವಾಗಲಾದರೂ ಎದೆ ಬಡಿತದ ಏರುಪೇರಿಗೆ ಅಮಿಯೋಡರೋನ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡಿದ್ದೀರಾ?

ಅದೊಂದು ಸಾಲು ಇದ್ದಿದ್ದರೆ ನನ್ನ ಅಕ್ಕನಿಗೆ ಒಂದು ಡೋಸ್ ರೇಡಿಯೋ ಅಯೋಡಿನ್ ವ್ಯರ್ಥವಾಗುತ್ತಿರಲಿಲ್ಲ. ಅವಳಿಗೆ ಗಂಟುಗಳಿದ್ದ ಥೈರಾಯ್ಡ್ ಮೊದಲಿನಿಂದಲೂ ಇತ್ತು. ಒಮ್ಮೆ ಬಡಿತ ತೀರಾ ತಪ್ಪಿ ಆಸ್ಪತ್ರೆ ಸೇರಿದಾಗ ಅಮಿಯೋಡರೋನ್ ಶುರು ಮಾಡಿದರು. ಕೆಲವು ತಿಂಗಳ ನಂತರ ನಿಲ್ಲಿಸಿ, ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಕೊಟ್ಟರು. ಅಷ್ಟರಲ್ಲಿ ಥೈರಾಯ್ಡ್ ಹಾರ್ಮೋನು ಏರತೊಡಗಿತ್ತು. ಬೇರೊಂದು ಆಸ್ಪತ್ರೆಯವರು ರೇಡಿಯೋ ಅಯೋಡಿನ್ ಸೂಚಿಸಿದರು. ಸದ್ಯ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯಲ್ಲಿ ಅಮಿಯೋಡರೋನ್ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಗ್ರಂಥಿ ಅಯೋಡಿನ್ ಎಷ್ಟು ಹಿಡಿಯುತ್ತದೆ ಅಂತ ನೋಡುವ ಅಪ್‌ಟೇಕ್ ಪರೀಕ್ಷೆ ಮಾಡದೆ ನೇರ ಡೋಸ್ ಕೊಟ್ಟರು. ಮನೆಯಲ್ಲಿ ಮಕ್ಕಳಿಂದ ದೂರ ಕೂತದ್ದೂ ಆಯಿತು. ಆದರೆ ತಿಂಗಳುಗಳು ಕಳೆದರೂ ಹಾರ್ಮೋನು ಇಳಿಯಲಿಲ್ಲ. ಕೊನೆಗೆ ಒಬ್ಬರು ಹಳೆಯ ಡಿಸ್ಚಾರ್ಜ್ ಸಮ್ಮರಿ ತರಿಸಿಕೊಂಡು ಓದಿದ ಮೇಲೆ ಕಾರಣ ತಿಳಿಯಿತು: ಹಿಂದೆ ತೆಗೆದುಕೊಂಡಿದ್ದ ಅಮಿಯೋಡರೋನ್. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿನವರು ಕೆಟ್ಟವರೇನಲ್ಲ. ಅವರ ಫಾರಂ ಅವರು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಪಡೆದಿತ್ತು.

ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಅನ್ನಿಸಬಹುದು. ಆದರೆ ಇದು ಬಹಿರಂಗ ಪತ್ರ. ರೋಗಿಗಳೂ ಮನೆಯವರೂ ಓದುತ್ತಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡಿನ್ ಹೀರಿಕೊಂಡು ಹಾರ್ಮೋನು ತಯಾರಿಸುತ್ತದೆ. ದೇಹದ ಬೇರೆ ಯಾವ ಭಾಗಕ್ಕೂ ಅಯೋಡಿನ್ ಮೇಲೆ ಇಷ್ಟು ಆಸೆ ಇಲ್ಲ. ಈ ಆಸೆಯನ್ನೇ ಚಿಕಿತ್ಸೆಯಾಗಿ ಬಳಸಬಹುದು ಅಂತ ಸಾಲ್ ಹರ್ಟ್ಸ್ ಎಂಬ ಡಾಕ್ಟರು 1941ರಲ್ಲಿ ಮೊದಲ ರೋಗಿಗೆ ವಿಕಿರಣ ಸೂಸುವ ಅಯೋಡಿನ್ ಕೊಟ್ಟು ತೋರಿಸಿದರು. ಇವತ್ತು ಬಳಸುವುದು ಅಯೋಡಿನ್-131. ಅದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಸಮಯ, ಸುಮಾರು 8 ದಿನ. ಅದು ಹೊರಸೂಸುವ ಬೀಟಾ ಕಣಗಳು ಒಂದೆರಡು ಮಿಲಿಮೀಟರಿಗಿಂತ ದೂರ ಹೋಗುವುದಿಲ್ಲ. ಆದ್ದರಿಂದ ಗ್ರಂಥಿಯೊಳಗೆ ಸೇರಿದರೆ ಅಲ್ಲಿನ ಜೀವಕೋಶಗಳನ್ನು ಮಾತ್ರ ಸುಡುತ್ತದೆ. ಒಳಗೆ ಸೇರದೇ ಹೋದರೆ? ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಅಷ್ಟೇ.

ಸೇರುವುದೋ ಬಿಡುವುದೋ ಎಂಬುದನ್ನು ನಿರ್ಧರಿಸುವುದು ದೇಹದಲ್ಲಿ ಆಗಲೇ ಎಷ್ಟು ಅಯೋಡಿನ್ ಇದೆ ಎಂಬುದು. ಅಯೋಡಿನ್-131 ಬೇರೆ, ಸಾಮಾನ್ಯ ಅಯೋಡಿನ್ ಬೇರೆ ಅಂತ ಗ್ರಂಥಿಗೆ ಗೊತ್ತಾಗುವುದಿಲ್ಲ. ಸಾಮಾನ್ಯ ಅಯೋಡಿನ್ ಜಾಸ್ತಿ ಇದ್ದಾಗ ವಿಕಿರಣದ್ದು ಆ ಗುಂಪಿನಲ್ಲಿ ಕಳೆದುಹೋಗುತ್ತದೆ. ಅದಷ್ಟೇ ಅಲ್ಲ, ಅಯೋಡಿನ್ ಮಿತಿಮೀರಿದಾಗ ಆರೋಗ್ಯವಂತ ಗ್ರಂಥಿ ಅದನ್ನು ಒಳಗೆ ತರುವ ಬಾಗಿಲುಗಳನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಡೋಸ್ ಕೊಡುವುದು ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ.

ಇನ್ನು ಅಮಿಯೋಡರೋನ್. 1960ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಎದೆನೋವಿನ ಔಷಧವಾಗಿ ಹುಟ್ಟಿ, ಆಮೇಲೆ ಬಡಿತದ ಏರುಪೇರಿಗೆ ಬಳಕೆಗೆ ಬಂದ ಮಾತ್ರೆ ಇದು. ಬೇರೆ ಔಷಧಗಳು ಸೋತ ಕಡೆ ಇದು ಜೀವ ಉಳಿಸಿದೆ, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಇದರ ಒಂದೊಂದು ಅಣುವಿನಲ್ಲೂ ಎರಡೆರಡು ಅಯೋಡಿನ್ ಪರಮಾಣುಗಳಿವೆ. ತೂಕದಲ್ಲಿ ನೋಡಿದರೆ ಔಷಧದ 37 ಶೇಕಡಾ ಅಯೋಡಿನ್ನೇ. ಅಂದರೆ 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ. ಇದೆಲ್ಲ ಒಮ್ಮೆಗೇ ಬಿಡುಗಡೆಯಾಗುವುದಿಲ್ಲ, ದಿನಕ್ಕೆ ಹೆಚ್ಚುಕಡಿಮೆ 6 ಮಿಲಿಗ್ರಾಂ ರಕ್ತಕ್ಕೆ ಬರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಅಗತ್ಯಕ್ಕಿಂತ 40 ಪಟ್ಟು ಆಯಿತು, ಅಲ್ವಾ?

ಇಲ್ಲಿ ಒಂದು ವಿಚಿತ್ರ ಹೇಳಲೇಬೇಕು. ರೇಡಿಯೋ ಅಯೋಡಿನ್‌ಗೆ ಮುಂಚೆ, ಅದರಲ್ಲೂ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ, ಒಂದೆರಡು ವಾರ ಅಯೋಡಿನ್ ಕಡಿಮೆ ಇರುವ ಪಥ್ಯ ಹೇಳುತ್ತೀರಿ. ದಿನಕ್ಕೆ 50 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತೀರಿ. ಮನೆಯವರೆಲ್ಲ ಉಪ್ಪಿನ ಪ್ಯಾಕೆಟ್ಟು ಬದಲಾಯಿಸಿ, ಮೀನು ಮೊಟ್ಟೆ ಬಿಟ್ಟು, ಒಂದೊಂದು ತುತ್ತಿಗೂ ಯೋಚಿಸುತ್ತಾರೆ. ಒಂದೇ ಒಂದು ಅಮಿಯೋಡರೋನ್ ಮಾತ್ರೆಯಲ್ಲಿರುವ ಒಟ್ಟು ಅಯೋಡಿನ್ ಆ ಪಥ್ಯದ 1,500 ದಿನಗಳ ಮಿತಿಗೆ ಸಮ. ನಾಲ್ಕು ವರ್ಷಕ್ಕೂ ಮೀರಿದ್ದು! ಉಪ್ಪಿನ ಬಗ್ಗೆ ಒಂದು ಪುಟ ಅಚ್ಚು ಹಾಕಿಸಿ ಈ ಮಾತ್ರೆಯ ಬಗ್ಗೆ ಒಂದು ಸಾಲೂ ಬರೆಯದ ಕೈಪಿಡಿಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾಗಿದ್ದರೆ ಮಾತ್ರೆ ನಿಲ್ಲಿಸಿ ಕೆಲವು ವಾರ ಕಾದರೆ ಸಾಲದೇ? ಸಾಲದು. ಅಮಿಯೋಡರೋನ್ ಕೊಬ್ಬಿನಲ್ಲಿ, ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಮನೆ ಮಾಡಿಕೊಳ್ಳುತ್ತದೆ. ತಿಂಗಳುಗಟ್ಟಲೆ ತಿಂದವರಲ್ಲಿ ಅದು ಅರ್ಧಕ್ಕೆ ಇಳಿಯಲು ಸರಾಸರಿ ಎರಡು ತಿಂಗಳು ಬೇಕು. ಕೆಲವರಲ್ಲಿ ನಾಲ್ಕು ತಿಂಗಳು ದಾಟುತ್ತದೆ. ಒಂದು ಒರಟು ಲೆಕ್ಕ ಹಾಕಿ ನೋಡಿ. ದಿನಕ್ಕೆ 6 ಮಿಲಿಗ್ರಾಂ ಬರುತ್ತಿದ್ದದ್ದು ಎರಡು ತಿಂಗಳಿಗೆ 3 ಆಗುತ್ತದೆ, ನಾಲ್ಕು ತಿಂಗಳಿಗೆ 1.5, ಆರು ತಿಂಗಳಿಗೆ 0.75. ಅರ್ಧ ವರ್ಷ ಕಳೆದ ಮೇಲೂ ದಿನದ ಅಗತ್ಯದ ಐದು ಪಟ್ಟು ಉಳಿದಿದೆ! ಮಾಮೂಲಿ ಮಟ್ಟದ ಹತ್ತಿರ ಬರಲು ಹತ್ತು ತಿಂಗಳು ಬೇಕು. ಮೂರರಿಂದ ಆರು ತಿಂಗಳು ಕಾಯಿರಿ ಅಂತ ಸಾಮಾನ್ಯವಾಗಿ ಹೇಳುವುದುಂಟು. ಅದು ಕನಿಷ್ಠ ಅಂತ ಇಟ್ಟುಕೊಳ್ಳಬೇಕೇ ಹೊರತು ಮೂರು ತಿಂಗಳು ತುಂಬಿದ ತಕ್ಷಣ ಕ್ಯಾಲೆಂಡರ್ ನೋಡಿ ಕರೆಯುವುದಲ್ಲ. ನಾನು ಫಾರಂನಲ್ಲಿ ಒಂದು ವರ್ಷ ಅಂತ ಕೇಳುತ್ತಿರುವುದಕ್ಕೂ ಈ ಲೆಕ್ಕವೇ ಕಾರಣ.

ಕ್ಯಾಲೆಂಡರ್‌ಗಿಂತ ನಂಬಬಹುದಾದ ದಾರಿಗಳು ನಿಮ್ಮ ಬಳಿಯೇ ಇವೆ. ಮೂತ್ರದಲ್ಲಿ ಅಯೋಡಿನ್ ಎಷ್ಟು ಹೋಗುತ್ತಿದೆ ಅಂತ ಅಳೆಯಬಹುದು. ಸಣ್ಣ ಪ್ರಮಾಣದ ವಿಕಿರಣ ಅಯೋಡಿನ್ ಕೊಟ್ಟು 24 ಗಂಟೆಯ ನಂತರ ಗ್ರಂಥಿ ಎಷ್ಟು ಹಿಡಿದುಕೊಂಡಿದೆ ಅಂತ ನೋಡುವ ಅಪ್‌ಟೇಕ್ ಪರೀಕ್ಷೆಯಂತೂ ಇದ್ದೇ ಇದೆ. ಎಲ್ಲರಿಗೂ ಒಂದೇ ನಿಗದಿತ ಡೋಸ್ ಕೊಡುವ ಪದ್ಧತಿಯಲ್ಲಿ ಈ ಪರೀಕ್ಷೆ ಬಿಟ್ಟುಹೋಗುತ್ತದೆ. ಬಹಳ ಜನರಿಗೆ ಅದು ಸರಿಯೇ ಇರಬಹುದು, ನಾನು ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಎದೆ ಬಡಿತದ ಸಮಸ್ಯೆ ಇದ್ದವರಿಗೆ, ಒಂದು ವರ್ಷದೊಳಗೆ ಅಮಿಯೋಡರೋನ್ ಕಂಡವರಿಗೆ, ಅಪ್‌ಟೇಕ್ ನೋಡದೆ ಡೋಸ್ ಕೊಡಬೇಡಿ. ಇದು ನನ್ನ ಎರಡನೆಯ ಕೋರಿಕೆ.

ಇವರಲ್ಲಿ ಅನೇಕರಿಗೆ ಆಂಜಿಯೋಗ್ರಾಂ ಅಥವಾ ಸಿಟಿ ಸ್ಕ್ಯಾನ್ ಕೂಡ ಆಗಿರುತ್ತದೆ. ಅದಕ್ಕೆ ಹಾಕುವ ಕಾಂಟ್ರಾಸ್ಟ್ ದ್ರವದಲ್ಲೂ ಬೇಕಾದಷ್ಟು ಅಯೋಡಿನ್ ಇದೆ. ಅದು ಅಮಿಯೋಡರೋನ್‌ನಂತೆ ಬೇರು ಬಿಡುವುದಿಲ್ಲ, ಒಂದೆರಡು ತಿಂಗಳು ಕಾದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೂ ಅದೇ ಪ್ರಶ್ನೆಯ ಕೆಳಗೆ ಅದನ್ನೂ ಕೇಳಿಬಿಡಿ. ಅಯೋಡಿನ್ ಅಲರ್ಜಿ ಇದೆಯಾ ಎಂಬ ಪ್ರಶ್ನೆಗೆ ಇಲ್ಲ ಅಂತ ಬರೆದ ಮಾತ್ರಕ್ಕೆ ಈ ವಿಷಯ ಮುಗಿಯುವುದಿಲ್ಲ. ಅಲರ್ಜಿ ಬೇರೆ, ಅಯೋಡಿನ್ ಹೊರೆ ಬೇರೆ.

ಈಗ ಇನ್ನೂ ಗಂಭೀರವಾದ ಮಾತಿಗೆ ಬರುತ್ತೇನೆ. ಅಮಿಯೋಡರೋನ್ ಚಿಕಿತ್ಸೆಗೆ ಅಡ್ಡ ಬರುವುದು ಒಂದು ಕಡೆ. ಅನೇಕ ಸಲ ಆ ಚಿಕಿತ್ಸೆ ಬೇಕಾಗುವಂತೆ ಮಾಡಿದ್ದೂ ಅದೇ ಆಗಿರುತ್ತದೆ. ಅದು ಎರಡು ಬಗೆಯಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಮೊದಲೇ ಗಂಟುಗಳೋ, ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಯೋ ಇದ್ದ ಗ್ರಂಥಿಗೆ ಇಷ್ಟೊಂದು ಅಯೋಡಿನ್ ಸಿಕ್ಕರೆ ಅದು ಲಗಾಮಿಲ್ಲದೆ ಹಾರ್ಮೋನು ತಯಾರಿಸುತ್ತದೆ. ಇದು ಟೈಪ್ 1. ಆರೋಗ್ಯವಾಗಿದ್ದ ಗ್ರಂಥಿಗೂ ಔಷಧ ನೇರವಾಗಿ ಪೆಟ್ಟು ಕೊಟ್ಟು, ಒಳಗೆ ಕೂಡಿಟ್ಟ ಹಾರ್ಮೋನು ಸೋರಿಹೋಗುವಂತೆ ಮಾಡಬಹುದು. ಅದು ಟೈಪ್ 2. ಮೊದಲನೆಯದಕ್ಕೆ ಹಾರ್ಮೋನು ತಯಾರಿಕೆ ತಡೆಯುವ ಕಾರ್ಬಿಮಜೋಲ್, ಮೆಥಿಮಜೋಲ್‌ನಂಥ ಮಾತ್ರೆಗಳು. ಎರಡನೆಯದಕ್ಕೆ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್. ಎರಡೂ ಬೆರೆತು ಬರುವುದೂ ಉಂಟು. ಟೈಪ್ 2ರಲ್ಲಿ ಗ್ರಂಥಿ ಅಯೋಡಿನ್ ಹಿಡಿಯುವುದೇ ಇಲ್ಲ ಅನ್ನಬಹುದು. ಟೈಪ್ 1ರಲ್ಲೂ ಹಿಡಿಯುವುದು ಸಾಮಾನ್ಯವಾಗಿ ಕಡಿಮೆಯೇ. ಅಂದರೆ ಹೈಪರ್‌ಥೈರಾಯ್ಡ್ (ಹಾರ್ಮೋನು ಜಾಸ್ತಿ) ಕಂಡ ಕೂಡಲೇ ರೇಡಿಯೋ ಅಯೋಡಿನ್ ಅಂತ ಬರೆಯುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಔಷಧಗಳಿಂದ ಹತೋಟಿಗೆ ಬರದೆ ಹೃದಯ ಸೋಲತೊಡಗಿದರೆ ಗ್ರಂಥಿಯನ್ನೇ ಆಪರೇಷನ್ ಮಾಡಿ ತೆಗೆಯಬೇಕಾಗಬಹುದು. ಅಂಥವರನ್ನು ರೇಡಿಯೋ ಅಯೋಡಿನ್ ಸರದಿಯಲ್ಲಿ ಸುಮ್ನೆ ಕೂರಿಸಿದರೆ ಕಳೆದುಹೋಗುವುದು ಅವರ ಸಮಯ.

ಇಲ್ಲಿಯವರೆಗೆ ಓದಿದ ರೋಗಿಗಳಿಗೆ ಒಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಈ ಪತ್ರ ಓದಿ ನಿಮ್ಮ ಅಮಿಯೋಡರೋನ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದನ್ನು ಕೊಟ್ಟಿರುವುದು ಪ್ರಾಣಕ್ಕೇ ಅಪಾಯ ತರಬಲ್ಲ ಬಡಿತವನ್ನು ತಡೆಯಲು ಇರಬಹುದು. ಮೇಲಾಗಿ, ಹಾರ್ಮೋನು ಹೃದಯದ ಮೇಲೆ ಮಾಡುವ ದಾಳಿಯನ್ನು ಈ ಔಷಧವೇ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಟಿ4 ಹಾರ್ಮೋನು ಹೆಚ್ಚು ಬಲದ ಟಿ3 ಆಗುವುದನ್ನು ಅದು ಕಡಿಮೆ ಮಾಡುತ್ತದೆ. ನಿಲ್ಲಿಸಿದರೆ ಅಯೋಡಿನ್ ಬೇಗ ಹೋಗುವುದಿಲ್ಲ, ರಕ್ಷಣೆ ಮಾತ್ರ ನಿಧಾನಕ್ಕೆ ಹೋಗುತ್ತದೆ. ನಿಲ್ಲಿಸಬೇಕೋ, ಮುಂದುವರಿಸಬೇಕೋ, ಬದಲಿಗೆ ಏನು ಕೊಡಬೇಕೋ ಎಂಬುದನ್ನು ಹೃದಯದ ಡಾಕ್ಟರು ಮತ್ತು ಥೈರಾಯ್ಡ್ ಡಾಕ್ಟರು ಕೂಡಿ ಹೇಳಬೇಕು.

ಆ ‘ಕೂಡಿ’ ನಡೆಯುವುದು ಎಲ್ಲಿ ಸ್ವಾಮಿ? ನಾವು ನೋಡಿದ್ದು ಹೀಗೆ: ಹೃದಯದವರು ಥೈರಾಯ್ಡ್‌ನವರನ್ನು ಕೇಳಿ ಅಂದರು, ಥೈರಾಯ್ಡ್‌ನವರು ಹೃದಯದವರಿಂದ ಚೀಟಿ ತನ್ನಿ ಅಂದರು. ಚೀಟಿ ಹೊತ್ತು ಓಡಾಡಿದ್ದು ಕೈಕಾಲು ನಡುಗುತ್ತಿದ್ದ ರೋಗಿ. ಒಂದು ಫೋನ್ ಕರೆಗೆ ಆಗುವ ಕೆಲಸ ಇದು. ಬಡಿತಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ಯಾರಿಗಾದರೂ ರೇಡಿಯೋ ಅಯೋಡಿನ್ ದಿನಾಂಕ ಕೊಡುವ ಮುನ್ನ ಎರಡೂ ಕಡೆಯವರು ಮಾತಾಡಿ, ಮಾತಾಡಿದ್ದನ್ನು ಫೈಲಿನಲ್ಲಿ ಬರೆದು ಸಹಿ ಹಾಕುವ ನಿಯಮ ಮಾಡಿ.

ಎಲ್ಲ ಹೃದಯದ ಮಾತ್ರೆಗಳೂ ಹೀಗೆ ಅಂತ ಯಾರೂ ತಿಳಿಯಬಾರದು. ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರುಗಳಲ್ಲಿ ಅಯೋಡಿನ್ ಇಲ್ಲ. ಅವು ಅಪ್‌ಟೇಕ್‌ಗೆ ಅಡ್ಡ ಬರುವುದಿಲ್ಲ. ಡಿಗಾಕ್ಸಿನ್, ಫ್ಲೆಕನೈಡ್, ಸೊಟಲಾಲ್‌ಗಳಲ್ಲೂ ಇಲ್ಲ. ಅಮಿಯೋಡರೋನ್‌ನ ನೆಂಟನಂತಿರುವ ಡ್ರೊನೆಡರೋನ್‌ನಲ್ಲಿ ಅಯೋಡಿನ್ ತೆಗೆದಿದ್ದಾರೆ, ಆದರೆ ಹೃದಯ ತೀವ್ರವಾಗಿ ಸೋತವರಿಗೆ ಅದು ಆಗದು. ಕಾರ್ಬಿಮಜೋಲ್‌ನಂಥ ಥೈರಾಯ್ಡ್ ಮಾತ್ರೆಗಳನ್ನು ಡೋಸ್‌ಗೆ ಕೆಲವು ದಿನ ಮುಂಚೆ ನಿಲ್ಲಿಸಲು ಹೇಳುತ್ತೀರಲ್ಲ, ಆಗ ಬೀಟಾ ಬ್ಲಾಕರನ್ನೂ ಸೇರಿಸಿ ಎಲ್ಲ ನಿಲ್ಲಿಸಿಬಿಡುವವರಿದ್ದಾರೆ. ಅದು ದೊಡ್ಡ ಅಪಾಯ. ಚಿಕಿತ್ಸೆಯ ನಂತರದ ದಿನಗಳಲ್ಲಿ ಸುಟ್ಟ ಜೀವಕೋಶಗಳಿಂದ ಹಾರ್ಮೋನು ಸುರಿದು ಬಡಿತ ಇನ್ನೂ ಏರಬಹುದು. ಬೀಟಾ ಬ್ಲಾಕರ್ ಅತಿ ಹೆಚ್ಚು ಬೇಕಾಗುವುದೇ ಆಗ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು ಅಂತ ಎರಡು ಸಾಲು ಬೇರೆ ಬೇರೆ ಬರೆದುಕೊಡಿ.

ಚಿಕಿತ್ಸೆ ಫಲಿಸಿದ ಮೇಲೆ ಇನ್ನೊಂದು ಅಧ್ಯಾಯ ಶುರುವಾಗುತ್ತದೆ. ನನಗೆ ತಿಳಿದಂತೆ ಎಲ್ಲರೂ ಮರೆಯುವುದು ಇದನ್ನೇ. ಹಾರ್ಮೋನು ಜಾಸ್ತಿ ಇದ್ದಾಗ ಹೃದಯದ ಔಷಧಗಳಿಗೆ ಒಂದು ಡೋಸ್ ಹೊಂದಿಸಿರುತ್ತೀರಿ. ವಾರಗಳಿಂದ ಒಂದೆರಡು ತಿಂಗಳಲ್ಲಿ ಹಾರ್ಮೋನು ಇಳಿಯುತ್ತದೆ. ಬಹಳ ಜನರಲ್ಲಿ ಬೇಕಾದ್ದಕ್ಕಿಂತ ಕೆಳಗೂ ಇಳಿಯುತ್ತದೆ. ದೇಹ ಬದಲಾಯಿತು, ಡೋಸ್ ಬದಲಾಗಲಿಲ್ಲ.

ರಕ್ತ ತೆಳುವಾಗಿಸುವ ವಾರ್ಫರಿನ್‌ನ ಉದಾಹರಣೆ ನೋಡಿ. ಹಾರ್ಮೋನು ಏರಿದಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಬೇಗ ಕರಗುತ್ತವೆ, ಕಡಿಮೆ ವಾರ್ಫರಿನ್ ಸಾಕು. ಅಮಿಯೋಡರೋನ್ ಇದ್ದಾಗಲೂ ವಾರ್ಫರಿನ್ ದೇಹದಲ್ಲಿ ನಿಧಾನಕ್ಕೆ ಕರಗುವುದರಿಂದ ಕಡಿಮೆಯೇ ಸಾಕು. ಈಗ ಅಮಿಯೋಡರೋನ್ ನಿಂತಿದೆ, ರೇಡಿಯೋ ಅಯೋಡಿನ್ ಕೆಲಸ ಮಾಡಿದೆ. ಎರಡು ಕಾರಣಗಳೂ ಒಟ್ಟಿಗೆ ಮಾಯವಾಗುತ್ತಿವೆ. ಹಳೆಯ ಡೋಸಿನಲ್ಲಿ ಐಎನ್‌ಆರ್, ಅಂದರೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಅಂಕಿ, ಕುಸಿಯುತ್ತದೆ. ಬಡಿತ ಇನ್ನೂ ಸರಿಯಾಗದವರಲ್ಲಿ ಹೃದಯದೊಳಗೆ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಅದು. ಡಿಗಾಕ್ಸಿನ್ ಕಥೆ ತಿರುವುಮುರುವು. ಹಾರ್ಮೋನು ಏರಿದಾಗ ಜಾಸ್ತಿ ಡಿಗಾಕ್ಸಿನ್ ಬೇಕಾಗುತ್ತದೆ, ಇಳಿದಾಗ ಅದೇ ಡೋಸ್ ವಿಷವಾಗಬಹುದು. ಅಮಿಯೋಡರೋನ್ ಮುಂದುವರಿದಿದ್ದರಂತೂ ಅದೂ ಡಿಗಾಕ್ಸಿನ್ ಮಟ್ಟವನ್ನು ಏರಿಸುತ್ತದೆ. ವಾಕರಿಕೆ, ಊಟ ಸೇರದಿರುವುದು, ಕಣ್ಣಿಗೆ ಹಳದಿ ಮಂಜು ಕವಿದಂತೆ ಕಾಣುವುದು ಇವನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು. ಬೀಟಾ ಬ್ಲಾಕರ್ ಕೂಡ ಹಾಗೆಯೇ. ಓಡುತ್ತಿದ್ದ ಬಡಿತಕ್ಕೆ ಹೊಂದಿಸಿದ ಡೋಸ್ ನಿಧಾನವಾದ ಬಡಿತಕ್ಕೆ ಭಾರವಾಗುತ್ತದೆ.

ಇಲ್ಲಿ ಪರೀಕ್ಷೆಯಲ್ಲೂ ಒಂದು ಎಡವಟ್ಟು ಇದೆ. ಥೈರಾಯ್ಡ್‌ಗೆ ಕೆಲಸ ಹೇಳುವ, ಹಾರ್ಮೋನು ಜಾಸ್ತಿಯಾದಾಗ ಕೆಳಗಿಳಿಯುವ ಟಿಎಸ್‌ಎಚ್, ಹಾರ್ಮೋನು ಇಳಿದ ಮೇಲೂ ಬಹಳ ದಿನ ಕೆಳಗೇ ಕೂತಿರುತ್ತದೆ. ಅದೊಂದನ್ನೇ ನೋಡಿದರೆ ಥೈರಾಯ್ಡ್ ಇನ್ನೂ ಜೋರಾಗಿದೆ ಅನ್ನಿಸುತ್ತದೆ. ನಾಲ್ಕರಿಂದ ಆರು ವಾರಕ್ಕೆ ಫ್ರೀ ಟಿ4 ನೋಡಲೇಬೇಕು, ಟಿ3 ಕೂಡ ನೋಡಿದರೆ ಒಳ್ಳೆಯದು. ಆ ವರದಿಯ ಒಂದು ಪ್ರತಿ ಹೃದಯದ ಡಾಕ್ಟರ ಕೈಗೆ ಹೋಗಬೇಕು. ಹೋಗುತ್ತಿದೆಯೇ? ನಿಮ್ಮನ್ನೇ ಕೇಳಿಕೊಳ್ಳಿ.

ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದವರ ಪಾಡು ಇನ್ನೊಂದು ತರಹ. ಉಳಿದ ಜೀವಕೋಶಗಳು ರೇಡಿಯೋ ಅಯೋಡಿನ್ ಹೀರಲು ಟಿಎಸ್‌ಎಚ್ 30ರ ಮೇಲೆ ಏರಲಿ ಅಂತ ಮೂರು ನಾಲ್ಕು ವಾರ ಥೈರಾಯ್ಡ್ ಮಾತ್ರೆ ನಿಲ್ಲಿಸುತ್ತೀರಿ. ಆ ವಾರಗಳಲ್ಲಿ ಬಡಿತ ನಿಧಾನವಾಗುತ್ತದೆ, ಇಸಿಜಿಯಲ್ಲಿ ಕ್ಯೂಟಿ ಅಂತರ (ಒಂದು ಬಡಿತ ಶುರುವಾಗಿ ಹೃದಯ ಮತ್ತೆ ಸಜ್ಜಾಗುವವರೆಗಿನ ಸಮಯ) ಉದ್ದವಾಗಬಹುದು, ಮೂತ್ರಪಿಂಡ ಸೋಸುವ ವೇಗವೂ ಇಳಿಯುತ್ತದೆ. ಸೊಟಲಾಲ್ ತೆಗೆದುಕೊಳ್ಳುವವರಿಗೆ ಈ ಮೂರೂ ಒಟ್ಟಿಗೆ ಬಂದರೆ ಅಪಾಯಕಾರಿ ಬಡಿತಕ್ಕೆ ದಾರಿಯಾಗಬಹುದು. ಮಾತ್ರೆ ನಿಲ್ಲಿಸದೆಯೇ ಟಿಎಸ್‌ಎಚ್ ಏರಿಸುವ ಇಂಜೆಕ್ಷನ್ ಇದೆ. ಹೃದಯದ ಕಾಯಿಲೆ ಇದ್ದವರಿಗೆ ಮೊದಲು ಅದನ್ನು ಯೋಚಿಸಿ. ಆಗದಿದ್ದರೆ ನಡುವೆ ಒಂದು ಇಸಿಜಿ, ಒಂದು ಪೊಟ್ಯಾಶಿಯಂ ಪರೀಕ್ಷೆ ಕಷ್ಟವೇನಲ್ಲ.

ಹೃದಯ ವಿಭಾಗದವರಲ್ಲಿ ಬೇರೆಯಾಗಿ ಒಂದು ಕೋರಿಕೆ. ಅಮಿಯೋಡರೋನ್ ಶುರು ಮಾಡುವ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕತ್ತು ಮುಟ್ಟಿ ನೋಡಿ. ತುರ್ತಿನಲ್ಲಿ ಆಗದಿದ್ದರೆ ಡ್ರಿಪ್ ಹಾಕಿದ ಮೇಲಾದರೂ ರಕ್ತ ಕಳಿಸಿ. ಆಮೇಲೆ ಆರು ತಿಂಗಳಿಗೊಮ್ಮೆ ನೋಡಿ. ಮಾತ್ರೆ ನಿಲ್ಲಿಸಿದ ಮೇಲೂ ಒಂದು ವರ್ಷ ಬಿಡಬೇಡಿ, ಏಕೆಂದರೆ ನಿಲ್ಲಿಸಿ ತಿಂಗಳುಗಳಾದ ಮೇಲೂ ಹಾರ್ಮೋನು ಏರಿದ್ದುಂಟು. ಮುಂದೆ ಎಂದಾದರೂ ಅಮಿಯೋಡರೋನ್ ಬೇಕಾಗಬಹುದು ಅನ್ನಿಸುವ, ಥೈರಾಯ್ಡ್ ಈಗಾಗಲೇ ಏರಿರುವ ರೋಗಿ ಬಂದರೆ, ಅಯೋಡಿನ್ ತುಂಬುವ ಮೊದಲೇ ರೇಡಿಯೋ ಅಯೋಡಿನ್ ಬಗ್ಗೆ ಥೈರಾಯ್ಡ್‌ನವರ ಜೊತೆ ಮಾತಾಡಿ. ಮಾತ್ರೆ ಶುರುವಾದ ಮೇಲೆ ಆ ಬಾಗಿಲು ಬಹಳ ದಿನ ಮುಚ್ಚಿರುತ್ತದೆ.

ಡಿಸ್ಚಾರ್ಜ್ ಸಮ್ಮರಿ ಬರೆಯುವವರು ಅಮಿಯೋಡರೋನ್ ನಿಲ್ಲಿಸಿದ್ದರೆ ಆ ಹೆಸರನ್ನು ಪಟ್ಟಿಯಿಂದ ಅಳಿಸಿ ಕೈತೊಳೆದುಕೊಳ್ಳಬಾರದು. ಯಾವತ್ತು ಶುರು, ಯಾವತ್ತು ಕೊನೆ, ದಿನಕ್ಕೆ ಎಷ್ಟು ಅಂತ ಬರೆದು, ಇದರ ಅಯೋಡಿನ್ ಒಂದು ವರ್ಷದವರೆಗೆ ದೇಹದಲ್ಲಿ ಇರಬಹುದು ಎಂಬ ಸಾಲು ಸೇರಿಸಬೇಕು. ಔಷಧ ನಿಯಂತ್ರಕರು ಈ ಪತ್ರ ಓದುವುದಾದರೆ, ನಾನು ನೋಡಿದ ಯಾವ ಸ್ಟ್ರಿಪ್ ಮೇಲೂ ಒಳಗೆ ಅಯೋಡಿನ್ ಇದೆ ಅಂತ ಕಣ್ಣಿಗೆ ಬೀಳುವಂತೆ ಬರೆದಿರಲಿಲ್ಲ. ಪೆಟ್ಟಿಗೆಯೊಳಗಿನ ಮಡಿಸಿದ ಕಾಗದದ ಸಣ್ಣ ಅಕ್ಷರಗಳನ್ನು ವಯಸ್ಸಾದವರು ಓದುವುದಿಲ್ಲ. ಬಿಡಿ ಸ್ಟ್ರಿಪ್ ಕೊಂಡವರಿಗೆ ಆ ಕಾಗದ ಸಿಗುವುದೂ ಇಲ್ಲ. ಮಾತ್ರೆಯ ಹೆಸರಿನ ಪಕ್ಕದಲ್ಲೇ ಅದನ್ನು ಅಚ್ಚು ಹಾಕಿಸಿ.

ಫಾರಂ ತಿದ್ದಲು ದೊಡ್ಡ ಸಮಿತಿ ಬೇಡ. ಮುಂದಿನ ಸಲ ಅಚ್ಚಿಗೆ ಕೊಡುವಾಗ ಸೇರಿಸಿ ಸಾಕು. ಅಲ್ಲಿಯವರೆಗೆ ಕೌಂಟರಿನಲ್ಲಿ ಕೂತ ಸಿಸ್ಟರ್ ಪೆನ್ನಿನಲ್ಲಿ ಬರೆದುಕೊಂಡು ಕೇಳಲಿ. ಈಗಾಗಲೇ ದಿನಾಂಕ ಕೊಟ್ಟಿರುವವರ ಪಟ್ಟಿ ನಿಮ್ಮ ಬಳಿ ಇರುತ್ತದಲ್ಲ, ಅವರಿಗೆಲ್ಲ ಫೋನ್ ಮಾಡಿ ಆ ಪ್ರಶ್ನೆಯನ್ನು ಇವತ್ತೇ ಕೇಳಿಸಿ.

ಇಂತಿ,
ರೋಗಿಯೊಬ್ಬರ ತಮ್ಮ